ಕಣಿಲೆಯ ಪರಿಮಳ ಬಲ್ಲ ಸುಬೇದಾರರು

ಬಾಗಿಲು ಹಾರುಹೊಡೆದಿದ್ದರೂ ಅಂಗಳದಂಚಿನಲ್ಲೇ ನಿಂತು ಒಮ್ಮೆ ಕೆಮ್ಮಿ, ಒಳಗಿನಿಂದ ‘ಬನ್ನಿ’ ಎಂಬ ಸ್ವರ ಕೇಳುವವರೆಗೆ ಮೆಟ್ಟಿಲಿಗೆ ಕಾಲಿಡದವರು ಕಲ್ಲುಗುಂಡಿಯ ನಿವೃತ್ತ ಸುಬೇದಾರ್ ಮೇದಪ್ಪನವರು. ಎಪ್ಪತ್ತರ ಸಮೀಪದಲ್ಲೂ ಬೆನ್ನು ಬಾಗಿಲ್ಲ. ಮಾಸಿದ ಹಸಿರು ಸ್ವೆಟರು ಸೆಕೆಗಾಲದಲ್ಲೂ ಮೈಬಿಟ್ಟಿಲ್ಲ. “ತಮ್ಮನ ಮನೆಗೆ ಹೋಗ್ಲಿಕ್ಕೂ ಇವರಿಗೆ ಆರ್ಡರ್ ಆಗ್ಬೇಕು ಮಾರಾಯ್ರೆ,” ಎಂದು ಹೆಂಡತಿ ದುಗ್ಗಮ್ಮ ನಗುತ್ತಾರೆ.

ಆ ಸಂಕೋಚದ ಮೂಲ ನಾಗಾ ಬೆಟ್ಟಗಳ ಒಂದು ಹಳ್ಳಿಯಲ್ಲಿದೆ. ಬಂಡುಕೋರರನ್ನು ಹುಡುಕುತ್ತ, ಇಪ್ಪತ್ತೈದರ ಮೇದಪ್ಪ ಜತೆಗಾರರೊಡನೆ ಅಬೆನಿ ಎಂಬ ಮುದುಕಿಯ ಅಡುಗೆಮನೆಗೆ ಬೂಟುಗಾಲಲ್ಲೇ ನುಗ್ಗಿದ್ದರು. ಒಲೆಯ ಪಕ್ಕದ ಮಡಕೆಯಿಂದ ಹುಳಿ ವಾಸನೆ. “ಇದನ್ನು ಮನುಷ್ಯರು ತಿನ್ನುತ್ತಾರೆಯೇ?” ಎಂದು ಒಬ್ಬ ಮೂಗು ಹಿಡಿದು ಮಡಕೆಯನ್ನು ಒದ್ದ, ಎಲ್ಲರೂ ನಕ್ಕರು. ಅದು ಕಣಿಲೆ, ಮಳೆಗಾಲದಲ್ಲಿ ತನ್ನ ತಾಯಿಯೂ ನೀರಲ್ಲಿ ನೆನೆಹಾಕುವ ಎಳೆಬಿದಿರು ಎಂದು ತಿಳಿದೂ ಮೇದಪ್ಪ ನಕ್ಕರು. “ಆ ನಗೆ ಉಂಟಲ್ಲ, ಅದು ನನ್ನದೇ. ಯಾರೂ ಹೇಳಿ ಮಾಡಿಸಿದ್ದಲ್ಲ,” ಎನ್ನುವಾಗ ಈಗಲೂ ಅವರ ಸ್ವರ ತಗ್ಗುತ್ತದೆ.

ಮರುದಿನದಿಂದ ಊರು ಮೂಕವಾಯಿತು. ದಾರಿ ಕೇಳಿದರೂ ಉತ್ತರವಿಲ್ಲ. ಮೇದಪ್ಪ ಮೇಲಧಿಕಾರಿಯ ಅಪ್ಪಣೆ ಪಡೆದು ಅಬೆನಿಯ ಅಂಗಳದಲ್ಲಿ ಹೋಗಿ ನಿಂತರು. ಎರಡು ದಿನ ಬಾಗಿಲು ತೆರೆಯಲಿಲ್ಲ. ಮೂರನೆಯ ದಿನ ಹರಕು ಹಿಂದಿಯಲ್ಲಿ, “ನನ್ನ ಅಮ್ಮನೂ ಇದನ್ನು ಮಾಡುತ್ತಾಳೆ. ಅವತ್ತು ಹೇಳಲಿಲ್ಲ, ತಪ್ಪಾಯಿತು,” ಎಂದಾಗ ಮುದುಕಿ ಬಾಗಿಲು ತೆರೆದು ಒಳಗೆ ಕರೆದು, ಅನ್ನದ ಮೇಲೆ ಕಣಿಲೆ ಬಡಿಸಿದಳು.

“ಹೊಟ್ಟೆ ತುಂಬ ಉಣ್ಣು. ಆದರೆ ಕರೆಯದೆ ಒಳಗೆ ಬರಬೇಡ.”

ಮುಂದಿನ ತಿಂಗಳು ದಳದ ಮೇಲೆ ಬಂಡುಕೋರರ ಹೊಂಚುದಾಳಿಯಾಗಿ, ಅವಳ ಮಗನನ್ನು ಶಂಕೆಯ ಮೇಲೆ ಹಿಡಿದು ತಂದರು. ದಾಳಿಯ ಹೊತ್ತಿನಲ್ಲಿ ಅವನು ಗದ್ದೆಯಲ್ಲಿದ್ದುದನ್ನು ಕಣ್ಣಾರೆ ಕಂಡಿದ್ದ ಮೇದಪ್ಪ ಅಧಿಕಾರಿಯ ಮುಂದೆ ನಿಂತು ಹಾಗೆಯೇ ಹೇಳಿದರು. “ನೀನು ಯಾರ ಕಡೆಯವ?” ಎಂಬ ಗದರಿಕೆ ದೊರೆಯಿತು, ಬಡ್ತಿ ಎರಡು ವರ್ಷ ತಡವಾಯಿತು, ಮಗ ಮಾತ್ರ ಜೀವಸಹಿತ ಮನೆ ಸೇರಿದ. ದಳ ವರ್ಗವಾಗಿ ಹೊರಟ ದಿನ ಅಬೆನಿ ಒಬ್ಬಳೇ ಲಾರಿಯ ಬಳಿ ಬಂದು ಅವರ ಕೈ ಹಿಡಿದಳು. ಉಳಿದವರು ತಮ್ಮ ತಮ್ಮ ಬಾಗಿಲಲ್ಲೇ ನಿಂತು ನೋಡಿದರು.

“ಇನ್ನೊಮ್ಮೆ ಅಲ್ಲಿಗೆ ಹೋಗ್ಬೇಕು ಅಂತ ಆಸೆ ಉಂಟು,” ಎಂದರು ಮೊನ್ನೆ ನನ್ನೊಡನೆ. “ಹೋದ್ರೆ ಎಂತ ಹೇಳುದು?”

ಸೈನಿಕರಲ್ಲಿ ಇಂಥವರದೊಂದು ವಿರಳ ಕುಲ. ಶೌರ್ಯದ ಪ್ರಸಂಗ ಕೇಳಿದರೆ ತೊದಲುವ ಅವರು, ಆಯುಧ ಹಿಡಿದು ಹೊಕ್ಕ ಊರಿನವರ ಹೆಸರುಗಳನ್ನು ಬಂಧುಗಳ ಹೆಸರಿನಂತೆ ಉಚ್ಚರಿಸುತ್ತಾರೆ. ಆ ಊರು ತಮ್ಮನ್ನು ಪೂರ್ತಿಯಾಗಿ ಕ್ಷಮಿಸಿತೋ ಇಲ್ಲವೋ ಎಂದು ತಿಳಿಯದೆಯೇ ಅದನ್ನು ಪ್ರೀತಿಸುತ್ತ ಮುದುಕರಾಗುತ್ತಾರೆ.