ಇಪ್ಪತ್ತಡಿಗೆ ಐದಿಂಚು

ನೀಲಿ ಬಂತು, ಬಂತು ಅನ್ನೋದಕ್ಕಿಂತ ತೊಟ್ಟಿಕ್ಕಿತು ಅನ್ನಬೇಕು, ಬೆರಳಗಲದ ಒಂದು ಎಳೆ ಪೈಪಿನ ಬಾಯಿಂದ ಇಳಿದು ಹಿತ್ತಲಿನ ಮೋರಿ ಚೇಂಬರಿನ ತಳ ಮುಟ್ಟಿ ಅಲ್ಲೇ ಸುಸ್ತಾಗಿ ಕೂತಿತು, ಅಷ್ಟೇನಾ, ಪೈಪ್ ಪರೀಕ್ಷೆಗೆ ಅಂತ ಒಂದು ಬಕೆಟ್ ನೀರಿಗೆ ಬಟ್ಟೆಯ ನೀಲಿ ಕಲಸಿ, ನಾಲ್ಕು ಹಾಳೆ ಹಳೇ ಪೇಪರ್ ಹರಿದು ಹಾಕಿ, ಹೊಸ ಕಮೋಡಿಗೆ ಸುರಿದು, ಬಡಗಿ ಹಿತ್ತಲಿಗೆ ಓಡಿ ಬಂದು ಮುಚ್ಚಳ ಎತ್ತಿ ಮೊಣಕಾಲೂರಿದ್ದ — ಪೇಪರ್ ಎಲ್ಲಿ, ಪೇಪರಿನ ಒಂದು ಚೂರೂ ಬರಲಿಲ್ಲ, ನೀಲಿಯ ಮೇಲೆ ಒಂದು ಗುಳ್ಳೆ ಎದ್ದು ಅಲ್ಲೇ ನಿಂತಿತು, ಒಡೆಯಲೂ ಇಲ್ಲ. ಮತ್ತೆ ಒಳಗೆ ಓಡಿದ, ಇನ್ನೊಂದು ಬಕೆಟ್, ಈ ಸಲ ಕಮೋಡಿನಲ್ಲಿ ನೀರು ಅಂಚಿನ ತನಕ ಏರಿ, ಇಳಿಯಲೋ ಬೇಡವೋ ಅಂತ ಯೋಚನೆ ಮಾಡಿ, ಆಮೇಲೆ ಯಾರ ಮೇಲೋ ದಯೆ ತೋರಿಸಿದ ಹಾಗೆ ನಿಧಾನಕ್ಕೆ ಇಳಿಯಿತು, ಇಷ್ಟು ಹೊತ್ತು ಹಿಡಿಯಬಾರದು, ಯಾರಿಗಾದರೂ ಗೊತ್ತು, ಇನ್ನು ಅರ್ಧ ಗಂಟೆ, ಮಗಳು ಆಗಲೇ ಫೋನ್ ಮಾಡಿದ್ದಳು, ಅಪ್ಪಾ, ಆಸ್ಪತ್ರೆಯಿಂದ ಹೊರಟ್ವಿ, ಅಮ್ಮ ಒಂದೇ ಕೇಳ್ತಿದಾಳೆ, ಬಾತ್ರೂಮ್ ಆಯ್ತಾ ಅಂತ, ಆಯ್ತು ಅಂದುಬಿಟ್ಟಿದ್ದ, ಬಕೆಟ್ ಕೈಗೆತ್ತಿಕೊಳ್ಳುವ ಮೊದಲೇ, ಆಯ್ತು ಕಣೇ ಎಲ್ಲಾ ಆಯ್ತು.

ಐದು ವಾರ, ಸೊಂಟದ ಮೂಳೆಗೆ ಸ್ಟೀಲ್ ರಾಡ್, ಮೈ ಕೆಳಗೆ ಬೆಡ್‌ಪ್ಯಾನ್ ಇಡೋ ನರ್ಸಿನ ಮುಂದೆ ಹೆಂಡತಿ ಗೋಡೆ ಕಡೆ ಮುಖ ತಿರುಗಿಸಿಕೊಳ್ತಿದ್ದಳು, ಇನ್ನು ಮೆಟ್ಟಿಲು ಹತ್ತೋ ಮಾತೇ ಇಲ್ಲ ಅಂತ ಡಾಕ್ಟರ್, ಮನೆಯಲ್ಲಿದ್ದ ಒಂದೇ ಬಾತ್ರೂಮ್ ಮಹಡಿ ಮೇಲೆ, ಬಿದ್ದದ್ದೂ ಅದೇ ಮೆಟ್ಟಿಲ ಮೇಲೆ, ಮೇಲಿನಿಂದ ಮೂರನೇದು, ಅಲ್ಲಾಡ್ತಿದೆ ರೀ, ಒಂದು ಮೊಳೆ ಹೊಡೀರಿ ಅಂತ ಎರಡು ವರ್ಷ ಹೇಳಿದ್ದಳು, ಊರಿನವರಿಗೆಲ್ಲ ಮೆಟ್ಟಿಲು ಮಾಡಿಕೊಟ್ಟವನ ಮನೆಯಲ್ಲಿ ಒಂದು ಮೊಳೆಗೆ ಗತಿಯಿಲ್ಲ — ಆಸ್ಪತ್ರೆಯಲ್ಲಿ ಅವನ ಕೈ ಹಿಡಿದು ಅಂದದ್ದು ಇಷ್ಟೇ, ನಂಗೆ ಬೇರೆ ಏನೂ ಬೇಡ ರೀ, ಒಳಗೆ ಹೋಗಿ ಚಿಲಕ ಹಾಕ್ಕೋಬೇಕು, ಅಷ್ಟೇ. ಅದಕ್ಕೇ ಅಡುಗೆಮನೆ ಹಿಂದೆ ಈ ಕೋಣೆ, ಗೋಡೆ ಅವನೇ, ಬಾಗಿಲು ಅವನೇ, ಚಿಲಕ ಎಲ್ಲಕ್ಕಿಂತ ಮೊದಲು, ಪೈಪೂ ತಾನೇ ಹಾಕ್ತೀನಿ ಅಂತ ಹಟ, ಪ್ಲಂಬಿಂಗ್ ಕೆಲಸದ ಭಾಮೈದ ಬಂದು ಅಗೆದ ಕಾಲುವೆ ನೋಡಿ, ಇದೊಂದು ನಂಗೆ ಬಿಡಿ ಭಾವ, ನಿಮ್ಮದು ಮರದ ಕೈ ಅಂದ, ಮೈಯೆಲ್ಲ ಉರಿಯಿತು, ನಲವತ್ತು ವರ್ಷ ಮಟ್ಟ ನೋಡಿದೋನಿಗೆ ಮಟ್ಟ ಹೇಳಿಕೊಡ್ತೀಯೇನೋ ಅಂದುಬಿಟ್ಟ, ಭಾಮೈದ, ಅಕ್ಕನ ಮುಖ ನೋಡಿ ಸುಮ್ಮನಿದೀನಿ ಅಂತ ಹೊರಟುಹೋದ, ಹೋಗುತ್ತಾ ಗೇಟಿನ ಹತ್ತಿರ ತಿರುಗಿ, ಮುಚ್ಚೋ ಮೊದಲು ನೀರು ಬಿಟ್ಟು ನೋಡಿ ಭಾವ ಅಂದ, ಬಡಗಿ ನೋಡಲಿಲ್ಲ, ಡಿಸ್ಚಾರ್ಜ್ ಒಂದು ವಾರ ಮೊದಲೇ ಅಂದರು, ಮುಚ್ಚಿದ, ಕಾಂಕ್ರೀಟು, ಅದರ ಮೇಲೆ ಟೈಲ್ಸು, ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ.

ಆದರೆ ಲೆಕ್ಕ ಸರಿಯಿತ್ತು, ಅದೇ ಅರ್ಥವಾಗೋದಿಲ್ಲ, ಜೇಬಿನಿಂದ ನಕ್ಷೆ ತೆಗೆದು ಮತ್ತೆ ನೋಡಿದ, ಬಡಗಿ ಪೆನ್ಸಿಲಿನಲ್ಲಿ ಅವನದೇ ಗೆರೆ, ಕಮೋಡಿನಿಂದ ಚೇಂಬರಿಗೆ ಇಪ್ಪತ್ತಡಿ, ಅಡಿಗೆ ಕಾಲಿಂಚಿನಂತೆ ಇಪ್ಪತ್ತಡಿಗೆ ಐದಿಂಚು ಇಳಿಜಾರು, ಕೆಳಗೆ ಎರಡು ಗೆರೆ ಎಳೆದು ಬರೆದಿದ್ದಾನೆ, ಕಾಲುವೆಯನ್ನೂ ಹಾಗೇ ಅಗೆದದ್ದು, ಹಗ್ಗ ಕಟ್ಟಿ ಅಳೆದದ್ದು, ಹಾಗಾದರೆ ಎಲ್ಲಿ, ಎಲ್ಲಿ ತಪ್ಪಿತು, ಆವತ್ತು ಮಧ್ಯಾಹ್ನ, ಪೈಪ್ ಕೂರಿಸಿದ, ಮೇಲೆ ರಸಮಟ್ಟ ಇಟ್ಟ, ಅಪ್ಪ ಕೊಟ್ಟದ್ದು, ಗಾಜಿನ ನಳಿಗೆ, ಮೇಲೆ ಎರಡು ಕಪ್ಪು ಗೆರೆ, ಒಳಗೆ ಗುಳ್ಳೆ, ಗುಳ್ಳೆ ಒಂದು ಕಡೆಗೆ ಸರಿದು ನಿಂತಿತ್ತು, ಇಳಿಜಾರಿದ್ದರೆ ಹಾಗೇ ಸರಿದಿರಬೇಕು, ಅದು ಕಣ್ಣಿಗೆ ಚುಚ್ಚಿತು, ಡೊಂಕು ಬಾಗಿಲು ಕಂಡರೆ ಚುಚ್ಚುವ ಹಾಗೆ, ಹೆಂಡತಿಯ ವಾಕರ್ ಎಷ್ಟು ಅಗಲ ಇರುತ್ತೋ ಅಂತ ಯೋಚನೆ ಮಾಡುತ್ತಾ ಪೈಪಿನ ಕೆಳಗೆ ಒಂದು ಮರದ ಚಕ್ಕೆ ತೂರಿಸಿದ, ಮುಂದೆ ಇನ್ನೊಂದು, ದಪ್ಪದ್ದು, ಅದರ ಮುಂದೆ ಇನ್ನೂ ದಪ್ಪದ್ದು — ಅಯ್ಯೋ ದೇವರೇ — ಇಪ್ಪತ್ತಡಿಯುದ್ದಕ್ಕೂ ಚಕ್ಕೆ ತೂರಿಸಿದ್ದ, ತಲೆಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ, ಪ್ರತಿ ಚಕ್ಕೆಗೂ ಗುಳ್ಳೆ ಮೆಲ್ಲಗೆ ಈಚೆ ಬಂತು, ಬಂದು ನಡುವೆ ನಿಂತಿತು, ಐದಿಂಚಿನ ಇಳಿಜಾರು ಪೂರಾ ಹೋಗಿತ್ತು, ಆಗ ಎಷ್ಟು ಸಮಾಧಾನವಾಗಿತ್ತು ಅವನಿಗೆ, ಐದು ವಾರದಲ್ಲಿ ಮೊದಲನೇ ಸಲ.

ಫೋನ್, ಭಾಮೈದನಿಗೆ, ಮಾಡೋದೋ ಬೇಡವೋ, ಬಾಯಿ ಬಿಟ್ಟರೆ ಬಣ್ಣಗೇಡು, ಗೇಡಾಗಲಿ, ಮಾನ ಹೋದರೆ ಹೋಗಲಿ, ಟೈಲ್ಸ್ ಒಡೆಯೋಣ, ಎಲ್ಲಾ ಒಡೆಯೋಣ, ಬೇಗ ಬಾರೋ, ರಿಂಗಾಗ್ತಿದೆ, ಎತ್ತುತ್ತಾನೆ, ಬೈಯೋದಿಲ್ಲ, ಬೈದಿದ್ದರೆ ವಾಸಿಯಿತ್ತು, ಹೇಳಿದ್ದೆಲ್ಲ ಕೇಳಿಕೊಂಡು, ಪೇಪರ್ ಬರಲಿಲ್ವಾ ಭಾವ, ಸರಿ, ಒಂದು ಹೇಳಿ, ಪೈಪ್ ಕೂರಿಸಿದಾಗ ಗುಳ್ಳೆ ಎಲ್ಲಿತ್ತು, ಆಗಲೇ ಮನೆ ಮುಂದೆ ಕಾರಿನ ಬಾಗಿಲು ಹಾಕಿದ ಸದ್ದು, ಮಗಳು, ನಿಧಾನ ಅಮ್ಮ, ನಿಧಾನ, ವಾಕರ್ ಟಕ್ ಟಕ್ ಅಂತ ಹಾಲ್ ದಾಟಿ ಅಡುಗೆಮನೆ ದಾಟಿ ಬರುತ್ತಿದೆ, ಬೇಡ, ನಿಲ್ಲು ಅನ್ನಬೇಕು, ಅನ್ನೋಷ್ಟರಲ್ಲಿ ಹೊಸ ಬಾಗಿಲ ಹತ್ತಿರ ಅವಳು, ಕಣ್ಣಲ್ಲಿ ನೀರು, ನಗು, ಎಷ್ಟು ಚೆನ್ನಾಗಿ ಮಾಡಿದೀರ ರೀ, ಬೆಳಗ್ಗೆಯಿಂದ ತಡ್ಕೊಂಡಿದೀನಿ ಗೊತ್ತಾ, ನರ್ಸ್ ಕೇಳಿದ್ಲು, ಬೇಡ ಅಂದೆ, ಇನ್ನು ನಮ್ಮನೇಲೇ ಅಂದೆ — ಟಕ್, ಟಕ್, ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ, ಅವನೇ ಎಣ್ಣೆ ಬಿಟ್ಟ ಚಿಲಕ, ಸದ್ದಿಲ್ಲದೆ ಬಿತ್ತು, ಕಿವಿಯಲ್ಲಿ ಇನ್ನೂ ಫೋನ್, ಭಾವ, ಭಾವ ಕೇಳಿಸ್ತಿದೆಯಾ, ಗುಳ್ಳೆ ಎಲ್ಲಿತ್ತು, ಗುಳ್ಳೆ, ನಡುವೆ, ಎರಡು ಕಪ್ಪು ಗೆರೆಗಳ ನಟ್ಟನಡುವೆ, ಅಲ್ಲಾಡದೆ.