ಜಂಬಕ್ಕ ತೆಗೆದುಕೊಂಡ ಹಾಡು

ಸರಿರಾತ್ರಿಯಲ್ಲಿ ಗೋಡೆಯ ಆಚೆಯಿಂದ ಟಕ್ ಟಕ್ ಸದ್ದು ಬಂತು. ಜಂಬಕ್ಕ ಅಡಕತ್ತರಿಯಿಂದ ಕುಟ್ಟುತ್ತಿದ್ದಾಳೆಂದು ಓಬಮ್ಮ ಕಣ್ಣು ಬಿಡದೆಯೇ ತಿಳಿದಳು. ಎರಡೂ ಮನೆಗೆ ಅದೊಂದೇ ಗೋಡೆ. ಜಂಬಕ್ಕನ ಮಗ, ಸೊಸೆ ಮದುವೆಗೆಂದು ಹಗರಿಬೊಮ್ಮನಹಳ್ಳಿಗೆ ಹೋಗಿದ್ದರು. ಮುದುಕಿಯ ಕಡೆ ಒಂದು ಕಣ್ಣಿಟ್ಟಿರು ಎಂದು ಹೇಳಿ ಹೋಗಿದ್ದರು.

ಕರೆಂಟು ಇರಲಿಲ್ಲ. ಗುಡೇಕೋಟೆಯ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ಕತ್ತಲಿಗೆ ಮೆಲ್ಲಗೆ ಬಿಡುತ್ತಿದ್ದವು. ಓಬಮ್ಮ ಬುಡ್ಡಿ ಹಚ್ಚಿಕೊಂಡು ಹೋದಳು.

"ನೀರು ಬೇಕಾ, ದೊಡ್ಡವ್ವ?"

"ನೀರು ಬ್ಯಾಡ. ನಂದು ಕಟ್ಟಿ ಇಟ್ಟೀಯೇನ್ಲೇ, ಓಬಿ?"

"ಯಾವುದು?"

"ನನ್ನ ಹೆಣದ ಮುಂದ ಹಾಡೋದು."

ಓಬಮ್ಮ ಬುಡ್ಡಿಯನ್ನು ಗೋಡೆಯ ಗೂಡಿನಲ್ಲಿಟ್ಟಳು. ಸುತ್ತಲಿನ ಹಳ್ಳಿಗಳಲ್ಲಿ ಸಾವಾದರೆ ಹಾಡಿಕೊಂಡು ಅಳಲು ಅವಳನ್ನೇ ಕರೆಸುತ್ತಿದ್ದರು. ಹಳೆಯ ಸಾಲುಗಳನ್ನು ಕಲಿಸಿದವಳು ಜಂಬಕ್ಕ. ಆದರೆ ಅವುಗಳ ನಡುವೆ ಸತ್ತವರ ಎಮ್ಮೆ, ಅವರ ಹೊಲದ ಬದು, ಅವರು ನಗುತ್ತಿದ್ದ ರೀತಿ, ಇವನ್ನೆಲ್ಲ ಹೊಸದಾಗಿ ಕಟ್ಟಿ ಸೇರಿಸುವುದು ಓಬಮ್ಮನದೇ ಸ್ವಂತ ಕೆಲಸ. ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಹತ್ತಿಕೊಂಡಿತು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅವಳ ಹೆಸರು ನಿಂತಿದ್ದು ಅದರ ಮೇಲೆಯೇ.

"ಬಿಡ್ತು ಅನ್ನು, ದೊಡ್ಡವ್ವ. ಬದುಕಿದ್ದವರದು ಯಾರಾದರೂ ಕಟ್ತಾರಾ?"

"ಕಳೆ ತೆಗೆಯೋವಾಗ ನಿನ್ನ ತುಟಿ ಅಲುಗಾಡ್ತಿದ್ವು. ನನ್ನ ಕಂಡ ಕೂಡ್ಲೇ ನಿಂತ್ವು. ನಾ ಏನು ಕುರುಡಿ ಅಂತ ತಿಳ್ಕಂಡೀಯಾ?"

ನಿಜವಾಗಿತ್ತು. ಬೇಡವೆಂದರೂ ಆ ಸಾಲುಗಳು ತಾವಾಗಿಯೇ ಬಂದು ಒಳಗೆ ಕೂತಿದ್ದವು. ಆದರೆ ಬದುಕಿದ್ದವರ ಮೇಲೆ ಅಳುವ ಹಾಡು ಹಾಡಿದರೆ ಸಾವಿಗೆ ಮನೆಯ ಗುರುತು ಹೇಳಿಕೊಟ್ಟಂತೆ ಎಂದು ಇದೇ ಜಂಬಕ್ಕ ಅವಳಿಗೆ ಕಲಿಸಿದ್ದಳು.

"ಅದನ್ನ ಕಲಿಸಿದಾಕಿನೂ ನಾನೇ, ಈಗ ಬಿಡು ಅನ್ನಾಕಿನೂ ನಾನೇ," ಎಂದಳು ಮುದುಕಿ. "ನಾ ಹೋದ ದಿವಸ ಊರೆಲ್ಲಾ ಕೇಳ್ತತಿ. ನಾ ಒಬ್ಬಾಕಿ ಕೇಳಂಗಿಲ್ಲ. ಇದ್ಯಾವ ನ್ಯಾಯ?"

ಓಬಮ್ಮ ಬಾಗಿಲ ಚಿಲಕ ಹಾಕಿದಳು. ದನಿ ಎತ್ತಿದರೆ ಓಣಿಯೇ ಎದ್ದು ಬರುತ್ತದೆ. ಎದೆ ಬಡಿದುಕೊಂಡು ಹಾಡಬೇಕಾದ ಹಾಡನ್ನು ಅವಳು ಮುದುಕಿಯ ಕಿವಿಗೆ ಬಾಗಿ, ಕೂಸು ಮಲಗಿಸುವವಳ ಹಾಗೆ ಹಾಡತೊಡಗಿದಳು. ಮೊದಲಿಗೆ ಎಲ್ಲರಿಗೂ ಹಾಡುವ ಹಳೆಯ ಸಾಲುಗಳು. ಆಮೇಲೆ ಅವಳದು.

ಆಡಿನ ಹಿಂದ ಗುಡ್ಡವ ಹತ್ತಿದಾಕಿ
ಬಿಸಿಲೀಗೆ ಸೆರಗ ಹೊದಿಸಿದಾಕಿ, ನನ್ನವ್ವ
ನೆರಳೀಗೆ ಯಾರ ಕರದಾರ

"ಬರೇ ಹೊಗಳಿಕಿ," ಎಂದಳು ಜಂಬಕ್ಕ ಕಣ್ಣು ಮುಚ್ಚಿಕೊಂಡೇ. "ಬೈತಿದ್ದಿಲ್ಲೇನು ನಾನು?"

"ಬೈತಿದ್ದಿ."

"ಮತ್ತ ಹಾಕು."

ಓಬಮ್ಮನಿಗೆ ನಗು ಬಂತು. ನಗುವಿನ ಜೊತೆಗೇ ಸಾಲೂ ಬಂತು.

ಬೈದು ಬೈದೇ ಕರದು ಮಜ್ಜಿಗಿ ಕೊಟ್ಟಾಕಿ
ಬೈಗಳ ಮುಗಿಸಿ ಹೊಂಟೆಲ್ಲೇ, ನನ್ನವ್ವ
ಓಣೀಗೆ ಇನ್ನ ದನಿಯಿಲ್ಲ

ದೀಪದ ಬೆಳಕು ಗೋಡೆಯ ಮೇಲೆ ನೀರಿನಂತೆ ಆಡುತ್ತಿತ್ತು. ಮುದುಕಿಯ ಮುಖದ ಗೆರೆಗಳು ಒಂದೊಂದಾಗಿ ಸಡಿಲವಾದವು. ಹಾಡುತ್ತಿರುವುದು ತಾನೋ, ಕೋಣೆಯೇ ತನ್ನಷ್ಟಕ್ಕೆ ಗುನುಗುತ್ತಿದೆಯೋ ಓಬಮ್ಮನಿಗೆ ತಿಳಿಯದಾಯಿತು. ಎಷ್ಟು ಹೊತ್ತು ಹಾಡಿದಳೋ, ಕೊನೆಗೆ ಸಾಲುಗಳು ತೀರಿದವು.

"ಚಲೋ ಐತಿ," ಎಂದಳು ಜಂಬಕ್ಕ. "ನಾ ತಗಂಡೆ. ಇನ್ನ ಇದು ನಂದು. ಮತ್ತ ಎಲ್ಲೂ ಹಾಡಬ್ಯಾಡ."

"ಅವತ್ತು ಮಂದೀಗೆ ಏನು ಹಾಡ್ಲಿ?"

"ಮಂದೀಗೆ ಹಳೇವು ಅದಾವಲ್ಲ."

"ಆತು, ದೊಡ್ಡವ್ವ," ಎಂದಳು ಓಬಮ್ಮ.

ಆಮೇಲೆ ದಿನಾ ಬೆಳಿಗ್ಗೆ ಅವಳು ಉಸಿರು ಹಿಡಿದು ಗೋಡೆಗೆ ಕಿವಿಗೊಡುತ್ತಿದ್ದಳು. ಆಚೆಯಿಂದ ಸೊಸೆಯನ್ನು ಬೈಯುವ ದನಿ ಕೇಳಿದ ಮೇಲೆಯೇ ಒಲೆ ಹಚ್ಚುತ್ತಿದ್ದಳು. ಹಾಗೆಯೇ ಮಳೆಗಾಲ ಕಳೆಯಿತು, ಜೋಳ ತೆನೆ ಬಿಟ್ಟಿತು. ಬನ್ನಿ ಹಬ್ಬ ಮುಗಿದ ಮೇಲೆ, ಒಂದು ಮಧ್ಯಾಹ್ನ, ಉಂಡು ಮಲಗಿದ ಜಂಬಕ್ಕ ಏಳಲಿಲ್ಲ.

ಕೂಡ್ಲಿಗಿಯಿಂದ, ಕೊಟ್ಟೂರಿನಿಂದ ನೆಂಟರು ಬಂದರು. ಹರಪನಹಳ್ಳಿಯಲ್ಲಿ ಮೇಷ್ಟ್ರಾಗಿದ್ದ ಮೊಮ್ಮಗ ಹುಲುಗೇಶ ಟೇಪ್ ರೆಕಾರ್ಡರ್ ತಂದಿದ್ದ. ಅಜ್ಜಿಯ ಮೇಲೆ ಓಬಮ್ಮ ಕಟ್ಟುವ ಹಾಡು ಮನೆಯಲ್ಲಿ ಉಳಿಯಲಿ ಎಂಬುದು ಅವನ ಆಸೆ. ಅವನು ಗುಂಡಿ ಒತ್ತಿ ಅವಳ ಮುಂದೆ ಇಟ್ಟ. ಹೆಂಗಸರು ಸೆರಗು ಬಾಯಿಗೆ ಹಿಡಿದು ಕಾದರು.

ಓಬಮ್ಮ ಹಳೆಯ ಸಾಲುಗಳಿಂದ ಶುರುಮಾಡಿದಳು. ಹೊಸದು ಬರಬೇಕಾದ ಜಾಗ ಬಂತು. ಆಡು, ಗುಡ್ಡ, ಮಜ್ಜಿಗೆ ಎಲ್ಲವೂ ಗಂಟಲ ತನಕ ಬಂದು ನಿಂತವು. ಅವಳು ಹೆಣದ ಮುಖ ನೋಡಿದಳು. ಮತ್ತೆ ಮೊದಲಿನಿಂದ ಹಳೆಯದನ್ನೇ ಎತ್ತಿಕೊಂಡಳು. ಯಾರು ಸತ್ತರೂ ಯಾರು ಬೇಕಾದರೂ ಹಾಡಬಹುದಾದ ಸಾಲುಗಳು. ಕ್ಯಾಸೆಟ್ಟು ತಿರುಗುತ್ತಲೇ ಇತ್ತು.

ಮಣ್ಣು ಮಾಡಿ ಬಂದು ಬಚ್ಚಲ ಬಳಿ ಕೈಕಾಲು ತೊಳೆಯುವಾಗ ಓಣಿಯ ಮರುಳಸಿದ್ದಮ್ಮ ಎಲ್ಲರಿಗೂ ಕೇಳುವಂತೆ ಅಂದಳು, "ಕಂಡೋರ ಮನಿ ಹೆಣಕ್ಕ ಹೊಳಿ ಹರಿಸ್ತಾಳ. ವಿದ್ಯಾ ಕಲಿಸಿದಾಕಿಗೆ ಒಂದು ಹೊಸ ಮಾತು ಹುಟ್ಟಲಿಲ್ಲ ನೋಡ್ರಿ. ಇನ್ನ ಇವಳನ್ನ ಯಾಕ ಕರಿಬೇಕು?"

ಹೌದೌದು ಎಂದರು ಒಬ್ಬಿಬ್ಬರು. ಹುಲುಗೇಶ ಹತ್ತಿರ ಬಂದು, "ಅತ್ತಿ, ಅಜ್ಜಿ ಮ್ಯಾಲೆ ಸಿಟ್ಟಿತ್ತೇನು ನಿನಗ?" ಎಂದ.

ಅವನ ಕಣ್ಣುಗಳು ಕೆಂಪಾಗಿದ್ದವು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನ ಮನಸ್ಸು ತಿಳಿಯಾಗುತ್ತಿತ್ತು, ಅವಳ ಹೆಸರೂ ಉಳಿಯುತ್ತಿತ್ತು. ಆದರೆ ಅವನಿಗೆ ಹೇಳಿದರೆ ಆ ರಾತ್ರಿ ಎಲ್ಲರದಾಗುತ್ತದೆ.

"ಇಲ್ಲಪ್ಪ," ಎಂದು ಓಬಮ್ಮ ತಂಬಿಗೆಯನ್ನು ಅವನ ಕೈಗೆ ಕೊಟ್ಟಳು. ಅವನಿಗಷ್ಟೇ ಅಲ್ಲ, ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿ, ಒದ್ದೆ ಕಾಲಲ್ಲೇ ತನ್ನ ಮನೆಯ ಮೆಟ್ಟಿಲು ಹತ್ತಿದಳು.