ನಡುಮನೆಯಲ್ಲಿ ಹಾದ ಓಟ

ಮನೆಗೆ ನೆಂಟರು ಬರುವುದುಂಟು, ಕಳ್ಳರು ಬರುವುದುಂಟು. ಈ ಮನೆಗೆ ಮಾತ್ರ ವರ್ಷಕ್ಕೊಮ್ಮೆ ಅಂತರರಾಷ್ಟ್ರೀಯ ಗುಡ್ಡಗಾಡು ಓಟ ಬರುತ್ತಿತ್ತು. ಹಿತ್ತಲ ಬಾಗಿಲಿನಿಂದ ಒಳಗೆ, ಅಡುಗೆಮನೆ ದಾಟಿ, ನಡುಮನೆ ತುಳಿದು, ಮುಂಬಾಗಿಲಿನಿಂದ ಹೊರಗೆ. ಓಟಗಾರರು ನಾನಾ ದೇಶದವರು. ಕೆಸರು ಮಾತ್ರ ಅಪ್ಪಟ ಸ್ಥಳೀಯ, ಹಿತ್ತಲಾಚೆಯ ಜೌಗಿನದು.

ಇದು ಸೊಸೆಗೆ ಗೊತ್ತಾದದ್ದು ಮದುವೆಯಾಗಿ ಬಂದ ಹೊಸದರಲ್ಲಿ. ಹೊಲಿಗೆ ಅವಳ ಕಸುಬು. ಯಾರದೋ ಮದುವೆಯ ಬಿಳಿ ರೇಷ್ಮೆಯನ್ನು ನಡುಮನೆಯ ನೆಲದ ಮೇಲೆ ಹರಡಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಕತ್ತರಿ ಹಿಡಿದು ಮಂಡಿಯೂರಿ ಕೂತಿದ್ದಳು. ಅಡುಗೆಮನೆಯಿಂದ ದಬದಬ ಸದ್ದು ಬಂತು. ತಲೆಯೆತ್ತುವಷ್ಟರಲ್ಲಿ ಚಡ್ಡಿ ತೊಟ್ಟ ಭೂಖಂಡಗಳೆಲ್ಲ ರೇಷ್ಮೆಯ ಮೇಲೆ ಹಾದುಹೋಗಿದ್ದವು. ಅತ್ತೆ ಒಳಬಾಗಿಲಲ್ಲಿ ನೀರಿನ ಜಗ್ಗು ಹಿಡಿದು, ಆರತಿಗೆ ನಿಂತವರ ಹಾಗೆ ನಿಂತಿದ್ದರು.

"ಒಂದು ಮಾತು ಹೇಳಬಾರದಿತ್ತಾ ಅತ್ತೆ?"

"ಹೇಳೋದೇನೇ ಅದು? ಇಡೀ ಪ್ರಪಂಚಕ್ಕೇ ಗೊತ್ತಿರೋದು!"

ಪ್ರಪಂಚಕ್ಕೆ ಗೊತ್ತಿದ್ದದ್ದು ಓಟ ನಡೆಸುವ ಸಂಘದವರು ಹೊರತಂದ ದಪ್ಪ ಪುಸ್ತಕದ ಕಥೆ. ಅದನ್ನು ಬರೆದವರು ಸಂಘದ ಇತಿಹಾಸಕಾರರು. ಬಸ್ಸು ತಪ್ಪಿದಾಗಲೂ ಓಡದ ಮನುಷ್ಯ. ಅದರ ಪ್ರಕಾರ, ಅತ್ತೆಯ ಅಪ್ಪ ಮೊಟ್ಟಮೊದಲ ಓಟದಲ್ಲಿ ಮುಂದಿದ್ದರು. ಬೆನ್ನಟ್ಟಿದವರನ್ನು ದಿಕ್ಕೆಡಿಸಲೆಂದು, ಸೇನಾಪತಿ ವ್ಯೂಹ ಹೂಡಿದಂತೆ, ಥಟ್ಟನೆ ತಮ್ಮ ಮನೆಯೊಳಗೇ, ಮುಂದೆ ಮಗಳಿಗೆ ಬಂದ ಇದೇ ಮನೆಯೊಳಗೇ, ನುಗ್ಗಿದರು. ಉಳಿದವರು ಹಿಂದೆಯೇ ನುಗ್ಗಿ ಇಕ್ಕಟ್ಟಿನ ಬಾಗಿಲಲ್ಲಿ ಸಿಕ್ಕಿಬಿದ್ದರು. ಅಪ್ಪ ಗೆದ್ದರು. ಗೆದ್ದವನು ಹೋದದ್ದೇ ದಾರಿ ಎಂದು ಸಂಘ ಒಪ್ಪಿತು. ಅಂದಿನಿಂದ ಈ ಓಟದಲ್ಲಿ ಮನೆ ಹೊಕ್ಕು ಹೊರಡುವುದು ಕಡ್ಡಾಯ.

ಅತ್ತೆ ಸೊಸೆಗೆ ಹೇಳಿದ್ದು ಬೇರೆ ಕಥೆ. ಬಟಾಣಿ ಸುಲಿಯುತ್ತ, ಸಿಪ್ಪೆಯ ಜೊತೆಗೆ ಮರ್ಯಾದೆಯನ್ನೂ ಸುಲಿಯುತ್ತ ಹೇಳಿದ್ದರು.

"ವ್ಯೂಹವೂ ಇಲ್ಲ, ಗೀಹವೂ ಇಲ್ಲ. ನಮ್ಮಪ್ಪನಿಗೆ ಸಾಕಾಗಿತ್ತು ಕಣೇ. ಬಿಟ್ಟುಬಿಡೋಣ ಅಂತಲೇ ಮನೆಗೆ ಬಂದಿದ್ದು. ನಾನಿನ್ನೂ ಪುಟ್ಟವಳು, ಕಣ್ಣಾರೆ ನೋಡಿದೀನಿ. ಬಂದು, ನೀರು ಕುಡಿದು, ಕೂರೋಕೆ ಕುರ್ಚಿ ಎಳೆದ. ನಮ್ಮಮ್ಮ ಕುರ್ಚಿ ಕಿತ್ತುಕೊಂಡಳು. 'ಶುರು ಮಾಡಿದ್ದನ್ನ ಮುಗಿಸಿ ಬನ್ನಿ, ಆಮೇಲೆ ಕೂರೋರಂತೆ' ಅಂತ ಬೆನ್ನಿಗೆ ಕೈಕೊಟ್ಟು ಮುಂಬಾಗಿಲಿಂದ ಆಚೆ ದಬ್ಬಿದಳು. ಅದೇ ನಿಮ್ಮ ಚರಿತ್ರೆ!"

"ಇದನ್ನ ಸಂಘದವರಿಗೆ ಹೇಳಲಿಲ್ವಾ?"

"ಹೇಳಿದೆ. 'ಹೆಂಗಸರ ಮಾತು ದಾಖಲೆ ಆಗಲ್ಲ' ಅಂದ ಪುಸ್ತಕ ಬರೆದ ಆ ಪುಣ್ಯಾತ್ಮ. ನಾನು ಕೊಟ್ಟ ನೀರು ಕುಡಿದೇ ಅಂದ."

ಆದರೂ ಅತ್ತೆ ಒಂದು ವರ್ಷವೂ ಜಗ್ಗು ತಪ್ಪಿಸಿದವರಲ್ಲ. ಓಟಗಾರರು ಹೋದಮೇಲೆ ಸಂಜೆಯವರೆಗೆ ಕೆಸರಿಗೆ ಬೈಯುತ್ತಿದ್ದರು. ಕಂಠಪಾಠ ಮಾಡಿದ ಪದ್ಯದಂತೆ ಬೈಗುಳಕ್ಕೂ ಒಂದು ಲಯವಿತ್ತು. ಕಾಲಿಗೊಂದು, ಹಿಮ್ಮಡಿಗೊಂದು, ಅವರನ್ನು ಹೆತ್ತ ದೇಶಕ್ಕೊಂದು. ಸೊಸೆ ಅದನ್ನು ಬೈಗುಳವೆಂದೇ ತಿಳಿದಿದ್ದಳು.

ಈ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಸ್ಪತ್ರೆಯಿಂದ ಬಂದವರನ್ನು ನಡುಮನೆಯಲ್ಲೇ ಮಲಗಿಸಬೇಕಾಯಿತು. ಬಾಡಿಗೆಗೆ ತಂದ, ಏರಿಳಿಯುವ ಕಬ್ಬಿಣದ ಆಸ್ಪತ್ರೆ ಮಂಚ ಬೇರೆ ಯಾವ ಕೋಣೆಯ ಬಾಗಿಲಲ್ಲೂ ತೂರಲಿಲ್ಲ. ಮಾತು ದಿನೇದಿನೇ ಇಳಿಯಿತು. ಕೇಳಿದರೆ ಹ್ಞೂಂ, ಕೇಳದಿದ್ದರೆ ಅದೂ ಇಲ್ಲ. "ಅಲುಗಾಡಿಸಬೇಡಿ, ಗಾಬರಿ ಮಾಡಬೇಡಿ, ಶಾಂತವಾಗಿರಲಿ" ಎಂದರು ಡಾಕ್ಟರು. ಸೊಸೆ ಆ ಶಾಂತಿಗೆ ಕಾವಲು ನಿಂತಳು. ಹೊಲಿಗೆಯಂತ್ರವನ್ನೂ ಮೇಲಿನ ಕೋಣೆಗೆ ಸಾಗಿಸಿದಳು. ಓಟದ ಕಾಲ ಹತ್ತಿರ ಬಂತು. ಅಷ್ಟು ಜನ ಈ ಮಂಚದ ಪಕ್ಕ ನುಗ್ಗುವುದೆಂದರೇನು? ಒಬ್ಬ ಎಡವಿ ಮೇಲೆ ಬಿದ್ದರೂ ಅತ್ತೆ ಉಳಿಯುವುದಿಲ್ಲ.

ಗಂಡನನ್ನು ಕೇಳಿದಳು. ಅವನು ರೈಲು ಚಾಲಕ. ತಾಯಿಗೂ ಹೆಂಡತಿಗೂ ನಡುವೆ ಮಾತು ಬಂದಾಗಲೆಲ್ಲ ಅವನ ರೈಲು ಹೊರಡುವ ಹೊತ್ತಾಗಿರುತ್ತಿತ್ತು. "ನಿನಗೆ ಸರಿ ಕಂಡಿದ್ದು ಮಾಡು" ಎಂದು ಟೋಪಿ ಹಾಕಿಕೊಂಡ.

ಸಂಘದ ಅಧ್ಯಕ್ಷರು ಇತಿಹಾಸಕಾರರೊಡನೆ ಬಂದರು. ಅಧ್ಯಕ್ಷರಿಗೆ ನಿಂತಲ್ಲೇ ಭಾಷಣ ಮಾಡುವ ಕಾಯಿಲೆ.

"ನೋಡಿ ತಾಯಿ, ಇದು ಬರೀ ಬಾಗಿಲಲ್ಲ. ರಾಷ್ಟ್ರ ರಾಷ್ಟ್ರಗಳ ನಡುವಿನ ಸೇತುವೆ!"

"ಸೇತುವೆ ಮೇಲೆ ಈಗ ಮಂಚ ಇದೆ ಸಾರ್."

"ಅಮ್ಮನವರನ್ನ ಒಂದಿನ ಎಲ್ಲಾದರೂ..." ಇತಿಹಾಸಕಾರರು ಅಟ್ಟದ ಕಡೆ ಕೈ ತೋರಿಸಿದರು.

"ಎಲ್ಲಿ, ಹಳೇ ಪಾತ್ರೆ ಜೊತೆಗಾ? ಈ ವರ್ಷ ಹಿತ್ತಲ ಬಾಗಿಲಿಗೆ ಚಿಲಕ. ನಿಮ್ಮ ಸೇತುವೇನ ಬೇರೆ ಹೊಳೆ ಮೇಲೆ ಕಟ್ಟಿಕೊಳ್ಳಿ."

"ಪರಂಪರೆಗೆ ಕೊಡಲಿ ಹಾಕ್ತಿದೀರಿ!" ಎಂದರು ಅಧ್ಯಕ್ಷರು. ಇತಿಹಾಸಕಾರರ ಕಣ್ಣು ತುಂಬಿತು. ಇಬ್ಬರೂ ಚಹಾ ಮುಗಿಸಿಯೇ ಎದ್ದರು.

ಇಷ್ಟು ಮಾತು ನಡೆದದ್ದು ಮಂಚದ ಕಾಲಬಳಿ. ಮಂಚದ ಮೇಲಿದ್ದವರನ್ನು ಯಾರೂ ಏನೂ ಕೇಳಲಿಲ್ಲ. ಸೊಸೆಯೂ ಕೇಳಲಿಲ್ಲ. ಅತ್ತೆ ಸೂರು ನೋಡುತ್ತಿದ್ದರು.

ಪರಂಪರೆಗೆ ಬಿದ್ದ ಕೊಡಲಿ ಪೆಟ್ಟು ವಾರದೊಳಗೆ ವಾಸಿಯಾಯಿತು. ಇತಿಹಾಸಕಾರರು ತಪಸ್ಸು ಮಾಡಿ ಹೊಸ ಸತ್ಯ ಕಂಡುಕೊಂಡರು: ಮೊದಲ ಓಟ ಗೆದ್ದ ಆ ಮಹಾನುಭಾವರು ಮನೆಯೊಳಗೆ ಹೋದದ್ದೇ ಸುಳ್ಳು, ಮನೆಯ ಪಕ್ಕದಿಂದ ಸುತ್ತಿಕೊಂಡು ಹೋದರು, ಮಿಕ್ಕದ್ದೆಲ್ಲ ಜನರ ಬಾಯಿಕಥೆ. ಆ ಬಾಯಿ ತಮ್ಮದೇ ಪುಸ್ತಕದ್ದು ಎಂಬುದು ಅವರಿಗೆ ಆಗ ನೆನಪಿಗೆ ಬರಲಿಲ್ಲ. ಮನೆಯ ಪಕ್ಕದ ಗೋಡೆಗುಂಟ ಕೆಂಪು ಬಾವುಟಗಳು ಎದ್ದವು. "ಮೂಲ ಮಾರ್ಗದ ಪುನರುದ್ಧಾರ" ಎಂದು ಬ್ಯಾನರು ಕಟ್ಟಿದರು.

ಓಟದ ಬೆಳಿಗ್ಗೆ ಸೊಸೆ ಚಿಲಕ ಹಾಕಿ, ಅದಕ್ಕೆ ಬಾಗಿಲ ಅಗುಳಿಯನ್ನೂ ಸೇರಿಸಿ, ಅತ್ತೆಯ ಪಕ್ಕ ಕೂತಳು. ದೂರದಲ್ಲಿ ಪಿಸ್ತೂಲು ಸಿಡಿಯಿತು. ಸ್ವಲ್ಪ ಹೊತ್ತಿಗೆ ಜೌಗಿನ ಕಡೆಯಿಂದ ಸದ್ದು ಹತ್ತಿರಾಯಿತು. ಹೆಜ್ಜೆಗಳು ಗೋಡೆಯ ಆಚೆ ದಡದಡ ಹಾದವು, ಯಾರೋ ತಂಬಟೆ ಬಡಿದುಕೊಂಡು ಬೀದಿ ದಾಟಿದ ಹಾಗೆ. ಕಿಟಕಿಯ ಗಾಜು ನಡುಗಿ ಸುಮ್ಮನಾಯಿತು.

"ಆಯ್ತು ಅತ್ತೆ. ನೋಡಿ, ಎಷ್ಟು ಶಾಂತ."

ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಹೊದಿಕೆಯ ಮೇಲಿದ್ದ ಅವರ ಬಲಗೈಯನ್ನು ಸೊಸೆ ಆಗ ನೋಡಿದಳು. ಬೆರಳುಗಳು ಬಾಗಿ, ಏನನ್ನೋ ಹಿಡಿದ ಹಾಗೆ ಗಟ್ಟಿಯಾಗಿದ್ದವು. ಜಗ್ಗಿನ ಹಿಡಿಯ ಅಳತೆ ಅದು. ಬಟ್ಟೆ ಅಳೆದು ಅಳೆದು ಪಳಗಿದ ಕಣ್ಣು ಸೊಸೆಯದು. ಈ ಒಂದು ಅಳತೆ ಮಾತ್ರ ಇಷ್ಟು ವರ್ಷ ತಪ್ಪಿತ್ತು. ಯಾರ ಶಾಂತಿಗೆ ಯಾರು ಚಿಲಕ ಹಾಕಿದ್ದು?

"ಅತ್ತೆ, ನಿಮಗೆ ಅವರು ಬರಬೇಕಿತ್ತಾ?"

ಹೊರಗೆ ಸಂಘದವರು ಬಾವುಟ ಕಿತ್ತು ವ್ಯಾನಿಗೆ ತುಂಬುವ ಸದ್ದು. ಊಟದ ಹೊತ್ತು ಮೀರುತ್ತಿತ್ತು, ಹಿಂದುಳಿದವರಿಗಾಗಿ ಹಸಿದಿರಲು ಅವರೇನು ಓಟಗಾರರೇ?

ಅಷ್ಟರಲ್ಲಿ ಯಾರೋ ಹಿತ್ತಲ ಬಾಗಿಲು ಬಡಿದರು. ಮೆಲ್ಲಗೆ, ಸಾಲ ಕೇಳಲು ಬಂದವರ ಹಾಗೆ.

ಸೊಸೆ ತೆರೆದಳು. ತೆಳ್ಳನೆಯ ಹುಡುಗಿ, ಎದೆಯ ಮೇಲೆ ಯಾವುದೋ ದೂರದೇಶದ ಬಣ್ಣ, ಸೊಂಟದವರೆಗೂ ಕೆಸರು. ಬಾವುಟವಿಲ್ಲದೆ ದಾರಿ ತಪ್ಪಿದ್ದಳು. ಭಾಷೆ ಬರದ್ದಕ್ಕೆ ಕೈಯಿಂದ ಬಾಯಿ ತೋರಿಸಿದಳು, ದಾರಿ ಎಲ್ಲಿ ಎಂಬಂತೆ ಎರಡೂ ಕೈ ಬಿಡಿಸಿದಳು, ಆಮೇಲೆ ಅತ್ತಳು. ಅಳುವಿಗೆ ದುಭಾಷಿ ಬೇಕಾಗಲಿಲ್ಲ. ಸೊಸೆ ಒಳಗೆ ಕರೆದು ಜಗ್ಗು ಕೊಟ್ಟಳು. ಹುಡುಗಿ ಗಟಗಟ ಕುಡಿದು, ಜಗ್ಗು ಹಿಂದಕ್ಕೆ ಕೊಟ್ಟು, ನಡುಮನೆಯ ಕುರ್ಚಿಯನ್ನು ಎಳೆದುಕೊಂಡಳು.

"ಕೂರಿಸಬೇಡ!"

ಸೊಸೆಯ ಕೈಯಲ್ಲಿದ್ದ ಜಗ್ಗು ಬೀಳುವುದೊಂದು ಬಾಕಿ. ತಿಂಗಳುಗಳಿಂದ ಕೇಳದಿದ್ದ ದನಿ ಅದು.

"ಕುರ್ಚಿ ಕಿತ್ಕೋ! ಕೂತರೆ ಏಳಲ್ಲ ಅವಳು. ಏನೇ ನೋಡ್ತಾ ನಿಂತಿದೀಯ ಗರ ಬಡಿದವಳ ಹಾಗೆ? ಬೆನ್ನಿಗೆ ಕೈ ಕೊಡು!"

ಸೊಸೆ ಕುರ್ಚಿ ಕಿತ್ತುಕೊಂಡಳು. ಹುಡುಗಿ ಬೆಚ್ಚಿ ಮಂಚದ ಕಡೆ ನೋಡಿದಳು. ಅತ್ತೆ ಬಾಗಿಲ ಕಡೆ ಬೆರಳು ಚಾಚಿದ್ದರು. "ಹೋಗೇ ತಾಯಿ, ಶುರು ಮಾಡಿದ್ದನ್ನ ಮುಗಿಸು." ಮಾತು ಅರ್ಥವಾಯಿತೋ ಬೆರಳು ಅರ್ಥವಾಯಿತೋ, ಹುಡುಗಿ ಮೂಗು ಒರೆಸಿಕೊಂಡು, ಮಂಚವನ್ನು ಸುತ್ತಿ, ಎಚ್ಚರದಿಂದ ಹೊದಿಕೆಯ ಒಂದು ಚುಂಗನ್ನೂ ತಾಗಿಸದೆ ನಡೆದಳು. ಸೊಸೆ ಬೆನ್ನಿಗೆ ಕೈಕೊಟ್ಟಳು. ಹುಡುಗಿ ಮುಂಬಾಗಿಲಿನಿಂದ ಹೊರಬಿದ್ದು, ವ್ಯಾನಿನ ಬಳಿಯಿದ್ದ ಸಂಘದವರ ಕಣ್ಣೆದುರೇ ಓಡಿದಳು.

ಓಟ ಮುಗಿಸಿದಳಂತೆ. ಆದರೆ ಸಂಘದವರು ಅವಳನ್ನು ಅನರ್ಹಗೊಳಿಸಿದರು. ಕಾರಣ: ನಿಗದಿತ ಐತಿಹಾಸಿಕ ಮಾರ್ಗ ಬಿಟ್ಟು ಖಾಸಗಿ ಮನೆಯೊಂದರೊಳಗೆ ಪ್ರವೇಶಿಸಿದ್ದು. ಧ್ವನಿವರ್ಧಕದಲ್ಲಿ ಇತಿಹಾಸಕಾರರೇ ಇದನ್ನು ಘೋಷಿಸಿದ್ದು ಮನೆಯವರೆಗೂ ಕೇಳಿಸಿತು.

ಅತ್ತೆ ನಕ್ಕರು. ನಕ್ಕದ್ದಕ್ಕೆ ಸೊಂಟ ನೊಂದು, ನೋವಿಗೆ ಇತಿಹಾಸಕಾರರನ್ನು ಬೈದರು. ಆಮೇಲೆ ಕಣ್ಣು ನೆಲಕ್ಕೆ ಬಿತ್ತು.

"ಅಯ್ಯಯ್ಯೋ, ಏನೇ ಈ ಕೆಸರು! ಇವಳ ಹಿಮ್ಮಡಿಗಿಷ್ಟು, ಇವಳನ್ನ ಕಳಿಸಿದ ದೇಶಕ್ಕಿಷ್ಟು! ಒರೆಸೇ ಬೇಗ, ಒಣಗಿದರೆ ಹೋಗಲ್ಲ."

ಸೊಸೆ ಒದ್ದೆ ಬಟ್ಟೆ ತಂದು ಮಂಡಿಯೂರಿದಳು. ಬೈಗುಳ ಲಯ ಹಿಡಿದು ಸಾಗಿತ್ತು. ಅವಳು ಬೇಕೆಂದೇ ನಿಧಾನವಾಗಿ ಒರೆಸಿದಳು.

"ಹಿತ್ತಲ ಬಾಗಿಲು ಹಾಕ್ಲಾ ಅತ್ತೆ?" ಈ ಸಲ ಕೇಳಿದಳು.

ಅತ್ತೆ ಜೌಗಿನ ಕಡೆಗೆ ಕಿವಿಗೊಟ್ಟರು.

"ಇರಲಿ ಬಿಡು. ಇನ್ನೂ ಯಾರಾದರೂ ಹಿಂದೆ ಉಳಿದಿದ್ದರೆ? ಜಗ್ಗು ತುಂಬಿಸಿ ಇಲ್ಲಿ ಕೊಡು, ನನ್ನ ಕೈಗೆ."